ಸ್ವರ್ಗವೆಂಬ ಊರು

ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಸ್ವರ್ಗ ಎಂಬ ಹೆಸರಿನ ಊರೊಂದಿದೆ. ಎಂಡೋಸಲ್ಫಾನಿನಿಂದ ನರಳಿದ ಊರುಗಳಲ್ಲಿ ಅದೂ ಒಂದು. ದೇವರು ದಯಾಮಯನಾದರೆ ಹಸುಳೆಗಳಿಗೆ ಈ ಶಿಕ್ಷೆ ಏಕೆಂದು ಕೇಳಲು ನಾನು ವೇದಾಂತ ಓದಬೇಕಾಗಲಿಲ್ಲ, ಬಿ.ಎ. ಮುಗಿಸಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತದ್ದೇ ಸಾಕಾಯಿತು.

ಟೀ ಸೊಳ್ಳೆಯ ಕಾಟಕ್ಕೆಂದು ಗೇರುತೋಟಗಳ ಮೇಲೆ ಎರಡು ದಶಕ ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಮದ್ದು ಸುರಿದರು. ಮಕ್ಕಳಾಗಿದ್ದ ನಾವು ಅಂಗಳಕ್ಕೆ ಓಡಿ ಕೈಬೀಸುತ್ತಿದ್ದೆವು! ಮದ್ದು ತೋಡಿಗೂ ಸುರಂಗದ ನೀರಿಗೂ ಇಳಿಯಿತು. ಮಕ್ಕಳು ಕೈಕಾಲು ಸೊಟ್ಟಗಾಗಿ ಹುಟ್ಟಿದಾಗ ದೈವದ ಮುನಿಸೆಂದರು, ಪೂರ್ವಜನ್ಮದ ಕರ್ಮವೆಂದರು. ನನ್ನ ಅಜ್ಜಿಯೂ ಹಾಗೆಯೇ ಅಂದಿದ್ದರು. ಮನುಷ್ಯರ ಸಾಲವನ್ನು ದೇವರ ಖಾತೆಗೆ ಬರೆಯುವುದು ಸುಲಭ.

5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತ್ತು. ಹಣ ಬಂತೇ ಎಂದು ವಿಚಾರಿಸಲು ಬರುತ್ತಿದ್ದ ಒಬ್ಬ ತಾಯಿಗೆ ನಾನು, “ಅಕ್ಕಾ, ಇದು ದೇವರು ಕೊಟ್ಟದ್ದಲ್ಲ, ಮನುಷ್ಯರು ಮಾಡಿದ್ದು” ಎಂದೆ.

ಆಕೆ ಪಾಸ್‌ಬುಕ್ಕನ್ನು ಸೆರಗಿನಿಂದ ಒರೆಸುತ್ತಾ, “ಸರಿ ಅಣ್ಣಾ, ಹೆಲಿಕಾಪ್ಟರು ಮನುಷ್ಯರದ್ದೇ. ಗಾಳಿ ಯಾರದ್ದು?” ಎಂದರು.

ಉತ್ತರ ಹೊಳೆಯಲಿಲ್ಲ, ಇಂದಿಗೂ ಹೊಳೆದಿಲ್ಲ. ಹಾಗೆಂದು ಆಕೆ ಸಂಜೆಯ ದೀಪ ನಿಲ್ಲಿಸಿಲ್ಲ. “ಜಗಳಾಡಲಿಕ್ಕಾದರೂ ಒಬ್ಬ ಬೇಕಲ್ಲ” ಎಂದು ನಕ್ಕಿದ್ದರು.

ಹಣ ಬಂದದ್ದು 2022ರಲ್ಲಿ. ಮಗನಿಗೆ ಆಗ ಇಪ್ಪತ್ತೆಂಟು ವರ್ಷ. ಹೆಬ್ಬೆಟ್ಟಿನ ಗುರುತಿಗಾಗಿ ನಾನೇ ಅವರ ಮನೆಗೆ ಹೋದೆ. ಅವನ ಮುಷ್ಟಿ ಬಿಡಿಸಲು ಆಕೆಗೆ ತುಂಬ ಹೊತ್ತು ಹಿಡಿಯಿತು.