ಮಂಗಳೂರಿಗೆ ಮೊದಲ ಸಲ ಹೊರಟವರಿಗೆ

ಕಾಲೇಜಿನ ಸೀಟು ಖಚಿತವಾಯಿತೆಂಬ ಸಂತೋಷದ ಬೆನ್ನಿಗೇ ಮನೆಯಲ್ಲಿ ಇನ್ನೊಂದು ಚಿಂತೆ ಶುರುವಾಗುತ್ತದೆ. ಊರು ಮಂಗಳೂರು, ಮನೆಯವರಾರೂ ಇದುವರೆಗೆ ಘಟ್ಟ ಇಳಿದವರಲ್ಲ. ಮಗ ಅಲ್ಲಿ ಹೇಗಿರುತ್ತಾನೆ? ಮಗಳು ಹೇಗೆ ಹೊಂದಿಕೊಳ್ಳುತ್ತಾಳೆ? ಬಯಲುಸೀಮೆಯಿಂದ ಬರುವ ಎಷ್ಟೋ ಕುಟುಂಬಗಳಿಗೆ ಇದು ಪ್ರತಿವರ್ಷದ ಪ್ರಶ್ನೆ. ಪ್ರವೇಶದ ಓಡಾಟವೂ ಮಳೆಗಾಲವೂ ಒಟ್ಟಿಗೇ ಬರುವುದರಿಂದ ಗಾಬರಿ ಇನ್ನಷ್ಟು ಹೆಚ್ಚು. ಈ ಬಂದರು ನಗರದಲ್ಲಿ ದಾರಿ, ಬಟ್ಟೆ, ಊಟ, ಬಿಡುವು ಎಲ್ಲದರ ಮೇಲೂ ನೀರಿನ ಯಜಮಾನಿಕೆ ಉಂಟು. ಅದನ್ನು ಅರಿತು ಹೋದವರಿಗೆ ಅರ್ಧ ಕಷ್ಟ ಕಡಿಮೆ.

ಒಂದು ದಿನ ಮೊದಲೇ ಹೊರಡಿ

ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿ.ಮೀ. ಶಿರಾಡಿ, ಚಾರ್ಮಾಡಿ, ಸಂಪಾಜೆ, ಯಾವ ಘಟ್ಟದಲ್ಲಿ ಇಳಿದರೂ ಜೋರು ಮಳೆಗೆ ಗುಡ್ಡ ಕುಸಿದು ದಾರಿ ನಿಲ್ಲಬಹುದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗಗಳನ್ನು ಹಾದು ಇಳಿಯುವ ರೈಲಿಗೂ ಇದೇ ಭಯ. ಆದ್ದರಿಂದ ಕಾಲೇಜಿನಲ್ಲಿ ಹಾಜರಾಗಬೇಕಾದ ದಿನದ ಬೆಳಿಗ್ಗೆ ತಲುಪುವಂತೆ ಟಿಕೆಟ್ ತೆಗೆಯಬೇಡಿ. ಹಿಂದಿನ ದಿನವೇ ಊರು ಸೇರಿ.

ಇಳಿಯುವಾಗಲೂ ಎಚ್ಚರ ಬೇಕು. ಇಲ್ಲಿ ರೈಲು ನಿಲ್ದಾಣಗಳು ಎರಡು. ಮಂಗಳೂರು ಸೆಂಟ್ರಲ್ ಹಂಪನಕಟ್ಟೆಯ ಸಮೀಪ, ಪೇಟೆಯ ನಡುವೆಯೇ ಇದೆ. ಮಂಗಳೂರು ಜಂಕ್ಷನ್ ಇರುವುದು ಪಡೀಲಿನ ಬಳಿ. ಅದಕ್ಕೆ ಹಿಂದೆ ಕಂಕನಾಡಿ ಎಂಬ ಹೆಸರಿತ್ತು. ಆದರೆ ಕಂಕನಾಡಿ ಪೇಟೆಯೇ ಬೇರೆ. ಸರಕಾರಿ ಬಸ್ಸುಗಳು ಬಿಜೈ ನಿಲ್ದಾಣಕ್ಕೆ ಬರುತ್ತವೆ. ಊರೊಳಗೆ ಓಡಾಡುವವು ಹೆಚ್ಚಾಗಿ ಖಾಸಗಿ ಬಸ್ಸುಗಳು. ಕಂಡಕ್ಟರು ‘ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್’ ಎಂದು ಕೂಗಿದರೆ ಹಣ ಕಟ್ಟುವ ಜಾಗವೆಂದು ತಿಳಿಯಬೇಡಿ, ಊರಿನ ಮುಖ್ಯ ಬಸ್ ನಿಲ್ದಾಣದ ಹೆಸರೇ ಅದು! ಕಾಲೇಜಿಗೆ ಹೋಗುವ ಬಸ್ಸಿನ ನಂಬರನ್ನೂ, ರಾತ್ರಿಯ ಕಡೆಯ ಬಸ್ಸಿನ ಹೊತ್ತನ್ನೂ ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.

ಮಾತು ಮತ್ತು ಊಟ

ತುಳುವಿನವರಿಗೆ ಈ ಊರು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಇಷ್ಟು ಭಾಷೆಗಳು ಕಿವಿಗೆ ಬಿದ್ದರೂ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಟ ಊರಿದು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯೇ. ‘ಎಂಥದು ಮಾರಾಯ’ ಎಂದರೆ ಸಿಟ್ಟಲ್ಲ, ಸಲಿಗೆ.

ಜೋಳದ ರೊಟ್ಟಿಗೋ ರಾಗಿಮುದ್ದೆಗೋ ಒಗ್ಗಿದವರಿಗೆ ಹಾಸ್ಟೆಲಿನ ದಪ್ಪ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಸಾರು ಮೊದಲ ವಾರ ಹಿಡಿಸಲಿಕ್ಕಿಲ್ಲ. ಹೋಟೆಲಿನಲ್ಲಿ ‘ಬೆಳ್ತಿಗೆ’ ಎಂದು ಕೇಳಿದರೆ ಬಿಳಿ ಅನ್ನ ಬರುತ್ತದೆ. ನೀರುದೋಸೆ, ಗೋಳಿಬಜೆ, ಬನ್ಸ್ ರುಚಿ ಹತ್ತಿತೆಂದರೆ ರಜೆಗೆ ಬಂದ ಮಕ್ಕಳು ಮನೆಯಲ್ಲೂ ಅದನ್ನೇ ಕೇಳುತ್ತಾರೆ.

ಮಳೆಗೆ ಸಿದ್ಧತೆ

ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬೀಳುವ ಊರು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಚರ್ಮದ ಬೂಟು, ಚರ್ಮದ ಬ್ಯಾಗಿಗೆ ಬೂಷ್ಟು ಹಿಡಿಯುತ್ತದೆ, ಮನೆಯಲ್ಲೇ ಬಿಡಿ. ಬೇಗ ಒಣಗುವ ತೆಳು ಬಟ್ಟೆ, ಗಟ್ಟಿ ಕೊಡೆ, ಜಾರದ ಚಪ್ಪಲಿ, ಸೊಳ್ಳೆಪರದೆ ಇವು ಬೇಕೇಬೇಕು. ಅಂಕಪಟ್ಟಿ, ವರ್ಗಾವಣೆ ಪತ್ರಗಳನ್ನು ನೀರು ತಾಗದ ಕವರಿನಲ್ಲಿಟ್ಟು, ಎರಡು ಪ್ರತಿ ಬೇರೆ ಚೀಲದಲ್ಲಿರಲಿ.

ಬಾಡಿಗೆ ಕೋಣೆ ನೋಡುವಾಗ ಗೋಡೆಯ ಬಣ್ಣಕ್ಕೆ ಮರುಳಾಗದೆ ಸೋರುತ್ತದೆಯೇ, ಬಟ್ಟೆ ಒಣಗಿಸಲು ಮಾಡಿನ ಅಡಿ ಜಾಗವಿದೆಯೇ, ಕುಡಿಯುವ ನೀರು ಎಲ್ಲಿಂದ, ಬಸ್ ನಿಲ್ದಾಣದವರೆಗಿನ ದಾರಿಯಲ್ಲಿ ದೀಪವಿದೆಯೇ ಎಂದು ನೋಡಿ. ಕೊಟ್ಟ ಮುಂಗಡಕ್ಕೆ ರಸೀದಿ ಪಡೆಯಿರಿ. ಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗಿ ಮಲಗಬಾರದು. ಮಲೇರಿಯಾ, ಡೆಂಗ್ಯೂ ಕಾಡುವ ಕರಾವಳಿಯಲ್ಲಿ ರಕ್ತ ಪರೀಕ್ಷೆ ಮಾಡಿಸುವುದೇ ಜಾಣತನ.

ಕಡಲೆಂಬ ಸೆಳೆತ

ಮುಖ್ಯವಾದ ಮಾತು ಇದು. ಕೆರೆ, ಬಾವಿ, ಕಾಲುವೆಯಲ್ಲಿ ಈಜು ಕಲಿತ ಹುಡುಗರಿಗೆ ಕಡಲಿನ ಬುದ್ಧಿ ತಿಳಿಯದು. ದಡಕ್ಕೆ ಅಪ್ಪಳಿಸಿದ ನೀರು ಮರಳಿ ಹೋಗಲು ಕಿರಿದಾದ ಹಾದಿ ಮಾಡಿಕೊಳ್ಳುತ್ತದೆ. ಅಲ್ಲಿ ತೆರೆ ಒಡೆಯುವುದು ಕಡಿಮೆ; ನೋಡುವವರಿಗೆ ಅದೇ ಶಾಂತವಾದ ಜಾಗವೆನಿಸುತ್ತದೆ. ನಂಬಿ ಇಳಿದವರನ್ನು ಆ ಸೆಳೆತ ಆಳಕ್ಕೆ ಒಯ್ಯುತ್ತದೆ. ಸಿಕ್ಕಿಬಿದ್ದರೆ ದಡದತ್ತ ನೇರವಾಗಿ ಗುದ್ದಾಡಿ ದಣಿಯಬಾರದು. ತೇಲುತ್ತ, ಕೈಯೆತ್ತಿ ಕೂಗಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಬೇಕು. ದಡದಲ್ಲಿರುವ ಗೆಳೆಯರೂ ಹಿಂದೆಯೇ ಹಾರಬಾರದು. ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆದು ಜೀವರಕ್ಷಕರನ್ನು ಕೂಗಿ, 112ಕ್ಕೆ ಫೋನ್ ಮಾಡಿ.

ಮಳೆಗಾಲದ ನಾಲ್ಕು ತಿಂಗಳು ನೀರಿಗೆ ಕಾಲಿಡಲೇಬಾರದು. ನದಿ ಕಡಲು ಸೇರುವ ಅಳಿವೆಬಾಗಿಲು, ಸೋಮೇಶ್ವರದ ಪಾಚಿಗಟ್ಟಿದ ಬಂಡೆಗಳು ಯಾವ ಕಾಲಕ್ಕೂ ಅಪಾಯ. ಉಳಿದ ದಿನಗಳಲ್ಲೂ ಜೀವರಕ್ಷಕರಿರುವ ಕಡೆ ಮಾತ್ರ ಇಳಿಯಬೇಕು.

‘ಕಡಲಿಗೆ ಹೋಗಬೇಡ’ ಎಂದು ಹೇಳಿ ಬಸ್ಸು ಹತ್ತುವ ಪೋಷಕರಿದ್ದಾರೆ. ಬೇಡ ಎಂದ ಮಾತ್ರಕ್ಕೆ ಸುಮ್ಮನಿರುವ ವಯಸ್ಸಲ್ಲ ಅದು. ಬದಲಿಗೆ ಪಣಂಬೂರಿಗೆ ನೀವೇ ಜೊತೆಯಲ್ಲಿ ಹೋಗಿ, ದಡದಲ್ಲಿ ಅರ್ಧ ಗಂಟೆ ನಿಂತು ತೆರೆ ಎಲ್ಲಿ ಒಡೆಯುತ್ತದೆ, ಎಲ್ಲಿ ಒಡೆಯುವುದಿಲ್ಲ ಎಂದು ಇಬ್ಬರೂ ನೋಡಿ. ಕಣ್ಣಾರೆ ಕಂಡದ್ದು ನೆನಪಿನಲ್ಲಿ ಉಳಿಯುತ್ತದೆ.

ಉಳಿದ ಅರ್ಧ ದಿನ

ಸಮಯವಿದ್ದರೆ ಬೆಳಿಗ್ಗೆ ಬೇಗ ಧಕ್ಕೆಗೆ ಹೋಗಿ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ದೋಣಿಗಳೆಲ್ಲ ಸಾಲಾಗಿ ಕಟ್ಟಿರುತ್ತವೆ. ಹಳೆಯ ಬಂದರು ಇರುವುದು ನದಿಯ ಬಾಯಲ್ಲಿ. ಅಲ್ಲಿ ಹೂಳು ತುಂಬುತ್ತಿದ್ದುದರಿಂದ ದೊಡ್ಡ ಹಡಗುಗಳು ದೂರ ಕಡಲಲ್ಲೇ ಲಂಗರು ಹಾಕಬೇಕಿತ್ತು. ಅದಕ್ಕಾಗಿ ಪಣಂಬೂರಿನಲ್ಲಿ ನೆಲ ಅಗೆದು ನವಮಂಗಳೂರು ಬಂದರನ್ನು ಕಟ್ಟಿದರು. 1974ರಲ್ಲಿ ಅದು ಪ್ರಮುಖ ಬಂದರೆನಿಸಿತು. ಒಳಗೆ ಹೋಗಲು ಅನುಮತಿ ಬೇಕು. ಹಡಗುಗಳನ್ನು ಪಕ್ಕದ ಮರಳ ದಡದಿಂದಲೇ ನೋಡಬಹುದು.

ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಛಾವಣಿಗಳ ತುಂಬ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳಿವೆ. ಕದ್ರಿ ದೇವಾಲಯದಲ್ಲಿ ಕ್ರಿ.ಶ. 968ರ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಚರಿತ್ರೆ ಓದುವವರು ಇವೆರಡನ್ನು ತಪ್ಪಿಸಬಾರದು.

ಊರಿಗೆ ಮರಳುವ ಮುನ್ನ ಒಂದು ಕೆಲಸ ಮಾಡಿ. ಕಾಲೇಜಿನಿಂದ ವಾಸದ ಜಾಗಕ್ಕೆ ಮಗಳೋ ಮಗನೋ ನಿಮ್ಮನ್ನು ಕರೆದುಕೊಂಡು ಹೋಗಲಿ. ನೀವು ಬಾಯಿ ಬಿಡಬೇಡಿ. ಬಸ್ಸು ಹತ್ತಿಸಿ, ಸರಿಯಾದ ಕಡೆ ಇಳಿಸಿ, ಕೋಣೆಯ ಬಾಗಿಲವರೆಗೆ ತಲುಪಿಸಿದರೆ, ಆ ರಾತ್ರಿ ನೀವು ನಿಶ್ಚಿಂತೆಯಿಂದ ಘಟ್ಟ ಹತ್ತಬಹುದು.