ಎರಡಕ್ಷರದ ಉತ್ತರ

ನಿವೃತ್ತನಾದ ಮೇಲೆ ನನಗೆ ಅಂಟಿಕೊಂಡ ಚಟವೆಂದರೆ ಪತ್ರಿಕೆಯ ಪದಬಂಧ. ತರಗತಿಯಲ್ಲಿ ಕದ್ದು ಪದಬಂಧ ಬಿಡಿಸುತ್ತಿದ್ದವರ ಪತ್ರಿಕೆಯನ್ನು ಕಿತ್ತುಕೊಳ್ಳುತ್ತಿದ್ದವನು ಇವನೇ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ನಗಲಿ.

ನನ್ನನ್ನು ಹೆಚ್ಚು ಕಾಡಿಸುವುದು ಜೋಡಿ, ಗುಂಪು, ಅಳತೆಗಳ ಸುಳಿವುಗಳು. ಕನ್ನಡ ಪದಬಂಧದಲ್ಲಿ ಗುಣಿತಾಕ್ಷರವಾಗಲಿ ಒತ್ತಕ್ಷರವಾಗಲಿ ಒಂದೇ ಚೌಕದಲ್ಲಿ ಕೂರುತ್ತದೆಯಷ್ಟೆ. ಹೀಗಾಗಿ ‘ಜೋಡಿ’ ಎಂಬ ಸುಳಿವಿಗೆ ಎರಡು ಚೌಕಗಳಿದ್ದರೆ ಜೊತೆ, ದ್ವಯ, ಯುಗ್ಮ ಮೂರೂ ಹೊಂದುತ್ತವೆ. ಮೂರು ಚೌಕಗಳಿದ್ದರೆ ಯುಗಳ, ಮಿಥುನ, ಅವಳಿ. ಅಡ್ಡ ಹಾಯುವ ಪದದಿಂದ ಒಂದಾದರೂ ಅಕ್ಷರ ದೊರೆಯುವ ತನಕ ಪೆನ್ನು ಮುಟ್ಟಬಾರದು; ಪೆನ್ಸಿಲ್ಲೇ ಕ್ಷೇಮ. ಅಳತೆಗಳ ಸುಳಿವು ಇನ್ನೂ ಸೊಗಸು. ‘ಛಂದಸ್ಸಿನಲ್ಲಿ ಉಚ್ಚಾರಣೆಯ ಕಾಲಮಾನ, ವೈದ್ಯರೂ ಕೊಡುವರು’ ಎಂದರೆ ಮಾತ್ರೆ. ‘20 ಕೊಳಗ’ ಎಂದರೆ ಖಂಡುಗ. ಕಿಲೋ, ಲೀಟರುಗಳ ಕಾಲದಲ್ಲಿ ಬೆಳೆದ ನನಗೆ ಸೇರು, ಪಾವು, ಚಟಾಕುಗಳನ್ನು ಕಲಿಸಿದ್ದು ಅಜ್ಜಿಯ ಅಡುಗೆಮನೆಯೇ ಹೊರತು ಬಿ.ಎಡ್. ಅಲ್ಲ.

ಕಳೆದ ಭಾನುವಾರ ‘ಕುರಿಗಳ ಗುಂಪು’ ಎಂಬ ಸುಳಿವು ಬಂದಿತ್ತು. ಎರಡು ಚೌಕ. ಯೋಚಿಸುವ ಅಗತ್ಯವೇನಿದೆ ಎಂದು, ಮೇಲೆ ಹೇಳಿದ ನಿಯಮವನ್ನು ನಾನೇ ಮುರಿದು, ಪೆನ್ನಿನಲ್ಲಿ ‘ಹಿಂಡು’ ಎಂದು ಬರೆದೆ. ಅದರ ಮೊದಲ ಚೌಕದಿಂದ ಕೆಳಕ್ಕೆ ಇಳಿಯುವ ಸುಳಿವು ‘ಪಥ್ಯ ಅಥವಾ ವ್ರತದ 48 ದಿನಗಳ ಅವಧಿ’. ಅದು ಮಂಡಲ, ಅನುಮಾನವಿಲ್ಲ. ಹಾಗಾದರೆ ಕುರಿಗಳದು ‘ಮಂದೆ’.

ಹೊಡೆದುಹಾಕಲು ಹೋದ ಕೈ ಅಲ್ಲೇ ನಿಂತಿತು.

1989ನೆಯ ಇಸವಿ, ಒಂಬತ್ತನೆಯ ತರಗತಿಯ ಕಿರುಪರೀಕ್ಷೆ. ಸಮೂಹವಾಚಕ ಪದಗಳ ಪ್ರಶ್ನೆಗೆ ಒಬ್ಬ ಹುಡುಗ ‘ಕುರಿಮಂದೆ’ ಎಂದು ಬರೆದಿದ್ದ. ನನ್ನ ಮಾದರಿ ಉತ್ತರದಲ್ಲಿದ್ದದ್ದು ‘ಹಿಂಡು’. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ. ಕುರಿ ಕಾಯುವವರ ಮನೆಯ ಹುಡುಗ ಅವನು. ಉತ್ತರಪತ್ರಿಕೆ ಹಿಡಿದು ಮೇಜಿನ ಬಳಿ ಬಂದು, “ಸಾರ್, ನಡೀತಾ ಹೋಗುವಾಗ ಹಿಂಡು ಅಂತೀವಿ. ರಾತ್ರಿ ಗೊಬ್ಬರಕ್ಕೆ ಅಂತ ಯಾರದಾದ್ರೂ ಹೊಲದಲ್ಲಿ ತರುಬಿದರೆ ಮಂದೆ. ಎರಡೂ ಸರಿ ಅಲ್ವಾ ಸಾರ್?” ಎಂದ. ಇಡೀ ತರಗತಿ ನನ್ನ ಮುಖವನ್ನೇ ನೋಡುತ್ತಿತ್ತು. ಸರಿ ಎಂದು ಆ ಕ್ಷಣದಲ್ಲೇ ನನಗೆ ಹೊಳೆದಿತ್ತು. ಆದರೂ, “ಪುಸ್ತಕದಲ್ಲಿರೋದನ್ನ ಬರಿ. ಹೋಗಿ ಕೂತ್ಕೋ” ಎಂದೆ. ಕೆಲಸಕ್ಕೆ ಸೇರಿ ಮೂರೋ ನಾಲ್ಕೋ ವರ್ಷವಾಗಿತ್ತು. ಮಕ್ಕಳೆದುರು ತಪ್ಪೊಪ್ಪಿಕೊಂಡರೆ ಮರ್ಯಾದೆ ಉಳಿಯದೆಂಬ ಭ್ರಮೆ. ಆ ಹುಡುಗ ಹೋಗಿ ಕುಳಿತ. ಅದಾದ ಮೇಲೆ ಆ ವರ್ಷವಿಡೀ ನನ್ನ ತರಗತಿಯಲ್ಲಿ ಅವನು ತಾನಾಗಿ ಒಂದು ಮಾತನ್ನೂ ಆಡಲಿಲ್ಲ.

ಒಂದು ಅಂಕದ ಪ್ರಶ್ನೆ ಅದು. ಅವನ ಹೆಸರು ನನಗೆ ಚೆನ್ನಾಗಿ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ಆ ವರ್ಷ ಅವನೊಡನೆ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವರು ಯಾರಾದರೂ ಇದನ್ನು ಓದಿದರೆ ಅವನಿಗೆ ತಲುಪಿಸಿ. ಅವನು ಬರೆದದ್ದು ಸರಿಯಿತ್ತು.