ರೆಕಾರ್ಡಿಂಗ್ ಬಂದ್ ಮಾಡಿದ ಮೇಲೆ

ಮಾರ್ಚ್ 22, 2025. ಶನಿವಾರ, ರಾತ್ರಿ. ಚಿಕ್ಕೋಡಿ

ರಾಯಬಾಗದಿಂದ ಬಂದು ಈಗಷ್ಟೇ ಊಟ ಮುಗಿಯಿತು. ತಲೆತುಂಬ ಅಲ್ಲಿನ ಗುರುಗಳ ಮಾತೇ. ನನ್ನ ಪುಸ್ತಕಕ್ಕಾಗಿ ಎರಡು ತಾಸು ಮಾತಾಡಿದರು, ನಡುವೆ ಒಮ್ಮೆಯೂ ನೀರು ಕೇಳಲಿಲ್ಲ. ಅವರ ಪುಸ್ತಕ ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿದ್ದ ಕಾಲದ್ದು. 1902ರ ಜುಲೈ 26ರ ಶಾಹೂ ಮಹಾರಾಜರ ಆಜ್ಞೆಗೆ ಬಂದಾಗ ಕುರ್ಚಿಯಿಂದ ಎದ್ದೇ ನಿಂತರು. ಸಂಸ್ಥಾನದಲ್ಲಿ ಖಾಲಿಯಾಗುವ ನೌಕರಿಗಳಲ್ಲಿ ನೂರಕ್ಕೆ 50 ಹಿಂದುಳಿದವರಿಗೆ.

"ಮೈಸೂರಾಗ ಮಿಲ್ಲರ್ ಸಮಿತಿ ಕೂತದ್ದು 1918ಕ್ಕ. ಅದಕ್ಕೂ ಹದಿನಾರು ವರ್ಷ ಮೊದಲ ನಮ್ಮ ರಾಯಬಾಗದ ಹುಡುಗ ಅರ್ಜಿ ಹಾಕಬಹುದಿತ್ತು. ನೀವು ಕಲಸೂ ಪುಸ್ತಕದಾಗ ಇದು ಎಲ್ಲೈತಿ ತೋರಸ್ರಿ ಬಾಯಾರ."

ನಾನು ಕಲಿಸುವ ಪುಸ್ತಕದಲ್ಲಿ ಇಲ್ಲ. ಇರಬೇಕಿತ್ತು.

ಆಮೇಲೆ ದೇವದಾಸಿ ಪದ್ಧತಿ. ಕೊಲ್ಹಾಪುರದಲ್ಲಿ 1920ಕ್ಕೇ ನಿಷೇಧ. ಮುಂಬಯಿ ಪ್ರಾಂತ್ಯದ ಕಾಯ್ದೆ 1934ರಲ್ಲಿ, ನಮ್ಮ ರಾಜ್ಯದ್ದು 1982ರಲ್ಲಿ. ಅವರ ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ. ಅಷ್ಟೇ ಯಾಕೆ ಅಂತ ಕೇಳಿದೆ. "ದಾಖಲೆ ಸಿಕ್ಕಷ್ಟು ಬರದೀನಿ" ಅಂದರು.

ಅವರ ಮನೆಯ ಕಾಕೂ ಚಹಾ, ಚುರುಮುರಿ ತಂದಿಟ್ಟರು. ಫೋನಿನ ರೆಕಾರ್ಡಿಂಗ್ ಬಂದ್ ಮಾಡಿ ಚೀಲಕ್ಕೆ ಹಾಕಿದೆ. ಆಗ ಗುರುಗಳು ತಲೆ ಎತ್ತದೆ ಅಂದರು: "ನಮ್ಮ ಅತ್ತೆಗೆ ಮುತ್ತು ಕಟ್ಟಿದ್ರು. 1951ರಾಗ."

ಎರಡು ಕಾಯ್ದೆ ಆದ ಮೇಲೆ ದೇವದಾಸಿ ಮಾಡಿದ್ದು. ಇತಿಹಾಸ ಬರೆದವರ ಸ್ವಂತ ಮನೆಯಲ್ಲಿ.

"ಪುಸ್ತಕದಾಗ ಹಾಕಲಿಲ್ಲಲ್ಲ ಸರ್?"

"ಆಕಿ ಮೊಮ್ಮಕ್ಕಳು ಅದಾವಲ್ಲ. ಲಗ್ನಕ್ಕ ಬಂದಾವ."

ಕಾಕೂ ಒಳಗೆ ಹೋದರು.


ಮಾರ್ಚ್ 24

ರೆಕಾರ್ಡಿಂಗ್ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಎರಡು ತಾಸಿನ ಮಾತು, ಎಲ್ಲ ಬೆಲೆಬಾಳುವಂಥದ್ದೇ. 1949ರ ಮಾರ್ಚ್ 1ರಂದು ಸಂಸ್ಥಾನ ಮುಂಬಯಿಗೆ ಸೇರಿದ್ದು, ದಫ್ತರಗಳು ಊರು ಬಿಟ್ಟು ಹೋದದ್ದು. ಆದರೆ ಕೈ ಮತ್ತೆ ಮತ್ತೆ ನಿಲ್ಲುವುದು ರೆಕಾರ್ಡ್ ಆಗದ ಆ ಒಂದು ಮಾತಿನ ಹತ್ತಿರ.

ಅದು ನನ್ನ ಪುಸ್ತಕಕ್ಕೆ ಬರಬಹುದೇ? ಅವರು ಲೇಖಕರಾಗಿ ಹೇಳಲಿಲ್ಲ. ಹಾಗಂತ ಸುಮ್ಮನೆಯೂ ಹೇಳಲಿಲ್ಲ. ಬೇಡವಾಗಿದ್ದರೆ ಹೇಳುತ್ತಿರಲೇ ಇಲ್ಲ. ಗೊತ್ತಾಗುತ್ತಿಲ್ಲ.


ಮಾರ್ಚ್ 30. ಯುಗಾದಿ. ನಿಪ್ಪಾಣಿ

ಅವ್ವನ ಮನೆ. ಹೋಳಿಗೆ, ಕಟ್ಟಿನ ಸಾರು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅವ್ವನಿಗೆ ಆ ಸಿನಿಮಾ ತೋರಿಸಿದೆ, 'ತಂಬಾಕೂ ಚಾಕಿಲಾ ಊಬ್ ಆಲಿ'. 1982ರದ್ದು. ದೀಪಾ ಧನರಾಜ್ ಮತ್ತು ಅವರ 'ಯುಗಾಂತರ' ತಂಡ ಇದೇ ನಿಪ್ಪಾಣಿಗೆ ಬಂದು ತಂಬಾಕು ವಖಾರಿಗಳ ಹೆಣ್ಣುಮಕ್ಕಳ ಜೊತೆ ಕೂತು ಮಾಡಿದ್ದು. ಛಾಯಾ ದಾತಾರ್ ಈ ಹೆಣ್ಣುಮಕ್ಕಳ ಸಂಘಟನೆ ಬಗ್ಗೆ ಇಂಗ್ಲಿಷಿನಲ್ಲಿ ಇಡೀ ಪುಸ್ತಕವನ್ನೇ ಬರೆದಿದ್ದಾರೆ, 1989ರಲ್ಲಿ. ಅವ್ವನಿಗೆ ಎರಡೂ ಗೊತ್ತಿರಲಿಲ್ಲ.

ಫೋನನ್ನು ಕಣ್ಣಿಗೆ ಹಿಡಿದೇ ನೋಡಿದಳು. "ತಡಿ, ತಡಿ, ಹಿಂದಕ ಒಯ್ಯಿ." ಒಂದು ಮುಖದ ಮೇಲೆ ಬೆರಳಿಟ್ಟಳು. ಹೆಸರು ಹೇಳಿದಳು. ಇನ್ನೊಂದು ಮುಖ, ಇನ್ನೊಂದು ಹೆಸರು. ಇಬ್ಬರೂ ಈಗಿಲ್ಲ.

ಆಮೇಲೆ ತಾನೇ ತನ್ನ ವಖಾರಿ ದಿನಗಳ ಮಾತು ಶುರು ಮಾಡಿದಳು. ಪುಡಿ ಹಾರಿ ಹೋಗಬಾರದೆಂದು ಕಿಟಕಿ ಮುಚ್ಚಿರುತ್ತಿದ್ದರು. ಮೂಗಿಗೆ ಸೆರಗು ಕಟ್ಟಿಕೊಂಡು ಸಾಣಿಸುವುದು. ಸಂಜೆ ಮನೆಗೆ ಬಂದು ಮೊದಲು ತಲೆಗೆ ನೀರು, ಆಮೇಲೆ ಕೂಸಿಗೆ ಹಾಲು. ಆ ಕೂಸು ನನ್ನ ಅಣ್ಣ. ಎಷ್ಟು ತೊಳೆದರೂ ಸೀನುತ್ತಿದ್ದನಂತೆ.

ಮೊದಲ ಸಲ ಮೋರ್ಚಾಕ್ಕೆ ಹೋಗಿ ಬಂದ ದಿನದ ಬಗ್ಗೆ ಕೇಳಿದೆ. "ನಿಮ್ಮಪ್ಪ ಮೂರು ದಿನ ನಾ ಮಾಡಿದ್ದು ಉಣ್ಣಲಿಲ್ಲ. ಆಜೂಬಾಜೂದವರ ಮನ್ಯಾಗ ಭಾಕ್ರಿ ಇಸ್ಕೊಂಡು ಉಂಡ." ನಕ್ಕಳು. ನಗುವಂಥದ್ದೇನಿತ್ತು ಅದರಲ್ಲಿ?

ರೆಕಾರ್ಡ್ ಮಾಡಲೇ ಅಂದೆ. "ವಖಾರೀದು ಬೇಕಾದ್ರ ಬರಕೋ. ಅಪ್ಪಂದು ಬ್ಯಾಡ. ಸತ್ತಾವನ ಹೆಸರು ಕೆಡಸಬಾರದು."

ಬಾಗಿಲ ಹಿಂದೆ ಅಪ್ಪನ ಕೋಲು ಇನ್ನೂ ಇದೆ.


ಏಪ್ರಿಲ್ 6, ಭಾನುವಾರ. ಮತ್ತೆ ನಿಪ್ಪಾಣಿ

ಬೇಕೆಂದೇ ಈ ದಿನ ಆರಿಸಿಕೊಂಡೆ. 1981ರ ಏಪ್ರಿಲ್ 6. ತಂಬಾಕಿಗೆ ಸರಿಯಾದ ದರ ಕೊಡಿ ಎಂದು ರೈತರು ಮಾರ್ಚ್ 14ರಿಂದ ಹೆದ್ದಾರಿಯಲ್ಲಿ ಕೂತಿದ್ದರು. ಶರದ್ ಜೋಶಿ ಮುಂದಾಳು. ಕೂತ ಜಾಗಕ್ಕೆ 'ಆಂದೋಲನ ನಗರ' ಅಂತಲೇ ಹೆಸರಾಯಿತು. ಗುಂಡೂರಾಯರ ಸರಕಾರ. ಅವತ್ತು ಗೋಲೀಬಾರಿನಲ್ಲಿ 12 ಜನ ಸತ್ತರು.

ಇವತ್ತು ಮಾತಾಡಿದವರು ಆಗ ಇಪ್ಪತ್ತರ ಹುಡುಗ. ಆಂದೋಲನದ ಮೇಲೆ ಸಣ್ಣ ಪುಸ್ತಕ ಬರೆದಿದ್ದಾರೆ, ಮರಾಠಿಯಲ್ಲಿ. ನನ್ನ ಜೊತೆ ಕನ್ನಡದಲ್ಲಿ ಶುರು ಮಾಡಿ, ಸಿಟ್ಟು ಬಂದಾಗ ಮರಾಠಿಗೆ ಹೋಗಿ, ಲೆಕ್ಕ ಹೇಳುವಾಗ ಮತ್ತೆ ಕನ್ನಡಕ್ಕೆ ಬಂದರು. ಗಡಿ ವಿಷಯ ತೆಗೆದರೆ ಈ ಸೀಮೆಯಲ್ಲಿ ಯಾರೂ ತಡವರಿಸುವುದಿಲ್ಲ. ಮಹಾಜನ ಆಯೋಗ 1967ರಲ್ಲಿ ನಿಪ್ಪಾಣಿ ಮಹಾರಾಷ್ಟ್ರಕ್ಕೆ, ಜತ್ತ, ಅಕ್ಕಲಕೋಟೆ ಕರ್ನಾಟಕಕ್ಕೆ ಅಂದದ್ದು; ಯಾವುದೂ ಆಗದೇ ಉಳಿದದ್ದು. ಒಂದು ತಾಸು ಹೋಯಿತು ಅದಕ್ಕೇ.

ನನಗೆ ಬೇಕಿದ್ದದ್ದು ಬೇರೆ. ಅದೇ ಊರು, ಅದೇ ವರ್ಷಗಳು, ಅದೇ ವ್ಯಾಪಾರಿಗಳು. ಹೊಲದವನು ಎಲೆಗೆ ದರ ಕೇಳಿದ, ವಖಾರಿಯವಳು ದುಡಿತಕ್ಕೆ ಪಗಾರ ಕೇಳಿದಳು. ಎರಡೂ ಕಡೆ ಓಡಾಡಿದ ಜನ ಇದ್ದರು. ಅವರ ಪುಸ್ತಕದಲ್ಲಿ ಮಾತ್ರ ವಖಾರಿ ಇಲ್ಲವೇ ಇಲ್ಲ.

"ಯಾಕ ಕಾಕಾ?"

ಬಹಳ ಹೊತ್ತು ಸುಮ್ಮನಿದ್ದರು. "ನನ್ನ ಹೇಣ್ತಿ ವಖಾರಿಗೆ ಹೋಗ್ತಿದ್ಲು. ಕೇಳಿದ್ರ ಹೇಳ್ತಿದ್ಲು. ನಾ ಕೇಳಲಿಲ್ಲ."

ಈ ಮಾತು ರೆಕಾರ್ಡಿನಲ್ಲಿದೆ. ತೆಗೆಯಬೇಡ ಅಂತಲೂ ಅಂದರು.


ಏಪ್ರಿಲ್ 11

ಬಾಬಾಸಾಹೇಬರು ನಿಪ್ಪಾಣಿಗೆ ಬಂದು ನೂರು ವರ್ಷ. 1925ರ ಏಪ್ರಿಲ್‌ನಲ್ಲಿ ಬಹಿಷ್ಕೃತ ಪರಿಷತ್ತಿಗೆ ಬಂದಿದ್ದರು. ಊರತುಂಬ ಬ್ಯಾನರ್ ಅಂತೆ, ಅವ್ವ ಫೋನ್ ಮಾಡಿದ್ದಳು.

ನಾನು ಮನೆಯಲ್ಲೇ ಕೂತು ಬಳವಂತರಾವ ವರಾಳೆಯವರ ಮರಾಠಿ ನೆನಪುಗಳನ್ನು ಮತ್ತೆ ತೆಗೆದೆ. ನಿಪ್ಪಾಣಿಯವರು. ಧಾರವಾಡದಲ್ಲಿ ಬಾಬಾಸಾಹೇಬರು ಶುರು ಮಾಡಿದ ಬೋರ್ಡಿಂಗ್ ನೋಡಿಕೊಂಡವರು, ಮುಂದೆ ಔರಂಗಾಬಾದಿನ ಮಿಲಿಂದ ಕಾಲೇಜಿಗೆ ಹೋದವರು. ದೊಡ್ಡವರ ಪಕ್ಕದಲ್ಲಿದ್ದವರು ಬರೆದದ್ದು ನನಗೆ ಯಾವಾಗಲೂ ಹೆಚ್ಚು ಇಷ್ಟ. ಹಾಸ್ಟೆಲ್ ಹುಡುಗರಿಗೆ ಊಟ ಹೊಂದಿಸುವುದು ರಾಜಕೀಯವೋ, ಮನೆತನವೋ? ಆ ಕೆಲಸ ಮಾಡಿದವರಿಗೆ ಈ ಪ್ರಶ್ನೆಯೇ ಬಂದಿರಲಾರದು.


ಏಪ್ರಿಲ್ 15

ಬಿಸಿಲು. ಪೇಪರ್ ತಿದ್ದುವುದು. ಬೇರೇನಿಲ್ಲ.


ಏಪ್ರಿಲ್ 19, ಶನಿವಾರ. ಅಥಣಿ

ಇವತ್ತು ಮನಸ್ಸು ಹಗುರ. ಅಥಣಿಯ ಸರ್ ತಮ್ಮ ಮನೆತನದ ಚಪ್ಪಲಿ ಕಸುಬಿನ ಮೇಲೆ ಬರೆದಿದ್ದಾರೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ತೊಗಲು ಹದ ಮಾಡುವುದರಿಂದ ಹಿಡಿದು 2019ರ ಭೌಗೋಳಿಕ ಗುರುತಿನವರೆಗೆ. ಆ ಗುರುತಿನಲ್ಲಿ ಮಹಾರಾಷ್ಟ್ರದ 4, ನಮ್ಮ 4 ಜಿಲ್ಲೆ. ಹೆಸರು ಮಾತ್ರ ಕೊಲ್ಹಾಪುರಿ. ಅದರ ಸಿಟ್ಟು ಅವರಿಗೆ ಇದೆ, ಇರಬೇಕಾದ್ದೇ.

ಪುಸ್ತಕದ ತುಂಬ ಅಪ್ಪ, ಅಜ್ಜ, ಮುತ್ತಜ್ಜ. ಜೊತೆಗೆ ಬಂದಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ಕೈ ಎತ್ತಿದಳು: "ಸರ್, ನಿಮ್ಮ ಅವ್ವಾರು ಏನ ಮಾಡತಿದ್ರು?"

ಸರ್ ಬಾಯಿಂದ ಉತ್ತರ ಕೊಡಲಿಲ್ಲ. ಮೂಲೆಯಲ್ಲಿದ್ದ ತೊಗಲಿನ ಸಣ್ಣ ಎಳೆಗಳನ್ನು ತಂದು, ನೀರಲ್ಲಿ ಅದ್ದಿ, ಒಂದು ತುದಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹೆಣೆಯತೊಡಗಿದರು. ಉಗುರಿನಷ್ಟು ಅಗಲವೂ ಇಲ್ಲದ ಎಳೆ. ಒಂದರ ಮೇಲೊಂದು, ಪ್ರತಿ ಸುತ್ತಿಗೂ ಹೆಬ್ಬೆರಳಿನಿಂದ ಒತ್ತಿ ಬಿಗಿ ಮಾಡುವುದು. ಗಂಡಸರು ಅಟ್ಟೆ ಕೊಯ್ಯುತ್ತಾರೆ, ಹೊಡೆಯುತ್ತಾರೆ; ಚಪ್ಪಲಿಯ ಮೇಲಿನ ಜಡೆ ಹೆಂಗಸರದ್ದು. ಗಿರಾಕಿ ಮೊದಲು ನೋಡುವುದು ಆ ಜಡೆಯನ್ನೇ.

"ಇದನ್ನ ಅವ್ವನ ಕಲಿಸಿದ್ಲು. ಶಾಲಿ ಫೀಜು ಇದರಾಗಿಂದನ ಬರತಿತ್ತು." ಗೇಣುದ್ದ ಹೆಣೆದು ಆ ಹುಡುಗಿಯ ಕೈಗೆ ಕೊಟ್ಟರು. ಎರಡನೇ ಆವೃತ್ತಿಗೆ ಒಂದು ಅಧ್ಯಾಯ ಬರೆಯುತ್ತಾರಂತೆ. ಬರೆಯಲಿ.


ಏಪ್ರಿಲ್ 26. ಕಾಗವಾಡ, ಶೇಡಬಾಳ

ಶೇಡಬಾಳ ಮಿರ್ಜಿ ಅಣ್ಣಾರಾಯರ ಊರು. 'ಜೈನಧರ್ಮ' ಎಂಬ ದೊಡ್ಡ ಪುಸ್ತಕ ಬರೆದವರೂ ಅವರೇ, 'ನಿಸರ್ಗ' ಕಾದಂಬರಿ ಬರೆದವರೂ ಅವರೇ. ಮನೆಯೊಳಗಿನದನ್ನೆಲ್ಲ ಕಾದಂಬರಿಗೆ ಇಟ್ಟರು. ಆ ಕಾಲಕ್ಕೆ ಅದೊಂದೇ ದಾರಿ ಇತ್ತೇನೋ.

ಕಾಗವಾಡದ ಅಕ್ಕಾ ಆ ದಾರಿ ಹಿಡಿಯಲಿಲ್ಲ. ಆತ್ಮಕಥೆ, ಸ್ವಂತ ಖರ್ಚಿನಲ್ಲಿ. ಗಂಗಾ ಕಲ್ಯಾಣ, ಪಂಚಾಯಿತಿ ಚುನಾವಣೆ, ಹೊಸ ತಾಲೂಕು ಆದದ್ದು, ಎಲ್ಲ ಇದೆ. ಒಂದು ಅಧ್ಯಾಯ ಹಿಸ್ಸೆಯದ್ದು. 1994ರಲ್ಲಿ ನಮ್ಮ ರಾಜ್ಯ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಕೇಂದ್ರ 2005ರಲ್ಲಿ. ಕಾಯ್ದೆ ಬಂದ ಮೇಲೆ ತವರಿನಿಂದ ಅವರಿಗೆ ಬಂದದ್ದು ಒಂದು ಸೀರೆ, ಒಂದು ಹಕ್ಕುಬಿಟ್ಟ ಪತ್ರ. ಅವರು ಸಹಿ ಮಾಡಿದರು. ಎಷ್ಟು ಎಕರೆ, ಯಾವ ಬಾವಿ, ಸಹಿ ಹಾಕುವಾಗ ಯಾರು ಯಾರು ಎದುರಿಗೆ ಕೂತಿದ್ದರು, ಎಲ್ಲ ಹೆಸರು ಹಾಕಿ ಬರೆದಿದ್ದಾರೆ.

ಪುಸ್ತಕ ಬಂದ ಮೇಲೆ ಪಂಚಮಿಗೆ ಕರೆಯಲು ತವರಿನಿಂದ ಯಾರೂ ಬಂದಿಲ್ಲ.

"ಬ್ಯಾಸರ ಆಗೂದಿಲ್ಲೇನ ಅಕ್ಕಾ?"

"ಆಗತೈತಿ. ಜೋಕಾಲಿ ನೆನಪಾಗತೈತಿ. ಆದ್ರ ಬರೀಲಾರದ ಇದ್ದಿದ್ರ ಆ ಉಂಡಿ ಗಂಟಲದಾಗ ಇಳೀತಿರಲಿಲ್ಲವಾ ತಂಗಿ."

ಇವರಿಗೆ ಧೈರ್ಯ ಎಲ್ಲಿಂದ ಬಂತು? ಕೇಳಿದೆ. ಉತ್ತರ ಬರಲಿಲ್ಲ, ಮಜ್ಜಿಗೆ ಬಂತು.


ಮೇ 4, ಭಾನುವಾರ

ಬೆಳಿಗ್ಗೆಯೇ ರಾಯಬಾಗದ ಗುರುಗಳ ಫೋನು. ಅತ್ತೆಯ ಬಗ್ಗೆ ಒಂದು ಪುಟ ಬರೆದಿದ್ದಾರೆ. ಬರೆದು ಅತ್ತೆಯ ಮಗಳಿಗೆ ಓದಿ ಹೇಳಿದ್ದಾರೆ. ಆಕೆ ಅಂದರಂತೆ: ಹೆಸರು ಹಾಕು, ನಮ್ಮವ್ವಗ ಹೆಸರ ಇತ್ತಲ್ಲ. ಆಕೆಯ ಮಕ್ಕಳು ಅಂದರಂತೆ: ಮಾವಾ, ಹಾಕಬ್ಯಾಡ.

"ನೀವ ಏನಂತೀರಿ ಬಾಯಾರ?"

ಮಗಳ ಮಾತೇ ಮೊದಲು ಅಂದೆ, ತಡಮಾಡದೆ. ಈಗಲೂ ಹಾಗೆಯೇ ಅನಿಸುತ್ತದೆ. ಮೂರು ಕಾಯ್ದೆಗಳ ಇಸವಿ ಬರೆದವರು ನಾಲ್ಕನೆಯ ಇಸವಿಯನ್ನೂ ಬರೆಯಬೇಕು. ಅದಿಲ್ಲದೆ ಓದಿದರೆ 1920ಕ್ಕೇ ಎಲ್ಲ ಮುಗಿಯಿತು ಅನಿಸಿಬಿಡುತ್ತದೆ.

ಹಾಗಾದರೆ ಅಪ್ಪ ಮೂರು ದಿನ ಉಣ್ಣದ್ದು? ಅವ್ವ ಬೇಡ ಅಂದಿದ್ದಾಳೆ. ಅದು ಅವಳ ಮಾತು. ಆದರೆ ಮೋರ್ಚಾದ ಇತಿಹಾಸ ಅದಿಲ್ಲದೆ ಪೂರ್ತಿಯಾಗುತ್ತದೆಯೇ? ಗುರುಗಳಿಗೆ ಹೇಳಿದಷ್ಟು ಸಲೀಸಾಗಿ ನನಗೆ ನಾನು ಹೇಳಿಕೊಳ್ಳಲಾಗುತ್ತಿಲ್ಲ. ಮುಂದಿನ ವಾರ ಅವ್ವನಿಗೆ ಇನ್ನೊಮ್ಮೆ ಕೇಳಬೇಕು. ಇಲ್ಲ ಅಂದರೆ ಇಲ್ಲ.

ಗುರುಗಳು ಶನಿವಾರ ಆ ಪುಟ ತರುತ್ತಾರೆ. ಹೆಸರಿನ ಜಾಗ ಸದ್ಯ ಖಾಲಿ ಬಿಟ್ಟಿದ್ದಾರಂತೆ. 1951 ಮಾತ್ರ ಯಾರು ಏನೇ ಅಂದರೂ ತೆಗೆಯುವುದಿಲ್ಲ ಅಂದರು.